ಆರು ಕುಟುಂಬ, ಆರು ತ್ರೀಡಿ ಪ್ರಿಂಟರ್: ಕಾರ್ಯಾಗಾರದ ತಯಾರಿಯ ದಿನಚರಿ

ಆರು ಕುಟುಂಬಗಳು ತಮ್ಮ ಕೈಯಾರೆ ಒಂದೊಂದು ತ್ರೀಡಿ ಪ್ರಿಂಟರ್ ಜೋಡಿಸಬೇಕು. ಅದರಲ್ಲಿ ಏನಾದರೂ ಒಂದು ವಸ್ತು ಪ್ರಿಂಟ್ ಮಾಡಿ ನೋಡಬೇಕು. ಆಮೇಲೆ ಯಂತ್ರವನ್ನು ಮನೆಗೆ ಒಯ್ಯಬೇಕು. ಕಾರ್ಯಾಗಾರದ ಗುರಿ ಇಷ್ಟೇ. ಇದಕ್ಕೆ ಸಿಕ್ಕಿರುವುದು ಎರಡು ಭಾನುವಾರ, ದಿನಕ್ಕೆ 6 ಗಂಟೆ.

ನಾನೊಬ್ಬನೇ ಕೂತು ಮೊದಲ ಯಂತ್ರ ಜೋಡಿಸಿದಾಗ 7 ಗಂಟೆ ಹಿಡಿದಿತ್ತು. ಹಾಗಾದರೆ 12 ಗಂಟೆ ಧಾರಾಳವಾಯಿತು ಅಂದುಕೊಂಡೆ. ಅಕ್ಕನ ಮನೆಯವರನ್ನು ಕೂರಿಸಿ ಒಮ್ಮೆ ಮಾಡಿಸಿ ನೋಡಿದ ಮೇಲೆ ಆ ಲೆಕ್ಕ ಪೂರ್ತಿ ಬುಡಮೇಲಾಯಿತು. ಅವರಿಗೆ ಹಿಡಿದದ್ದು 16 ಗಂಟೆ. ಆ ಹದಿನಾರನ್ನು ಹನ್ನೆರಡರೊಳಗೆ ತರಲು ಏನೇನು ಬದಲಿಸಿದೆ, ಯಾವುದನ್ನು ಮೊದಲೇ ಮಾಡಿಟ್ಟೆ, ಯಾವುದನ್ನು ಏನೇ ಆದರೂ ಅವರ ಕೈಗೇ ಬಿಟ್ಟೆ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗಕ್ಕೆ ಬರಬಹುದು.

ಯಾವ ಯಂತ್ರ

ಆರಿಸಿಕೊಂಡದ್ದು ಪ್ರೂಸಾ ಐ3 ಮಾದರಿ. ವಸ್ತು ಮೂಡುವ ತಟ್ಟೆ, ಅಂದರೆ ಬೆಡ್, ಹಿಂದೆ ಮುಂದೆ ಓಡುತ್ತದೆ. ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ, ಅಂದರೆ ನಾಜಲ್, ಎಡಕ್ಕೂ ಬಲಕ್ಕೂ ಓಡುತ್ತದೆ. ಎರಡು ಬದಿಯ ಲೀಡ್‌ಸ್ಕ್ರೂಗಳು (ಉದ್ದನೆ ತಿರುಪು ಸರಳುಗಳು) ತಿರುಗಿ ನಾಜಲ್ ಇರುವ ಅಡ್ಡಪಟ್ಟಿಯನ್ನೇ ಮೇಲೆತ್ತುತ್ತವೆ. ಇದಕ್ಕಿಂತ ವೇಗದ ವಿನ್ಯಾಸಗಳು ಇವೆ. ಕೋರ್‌ಎಕ್ಸ್‌ವೈ ಅನ್ನುವುದರಲ್ಲಿ ಎರಡು ಮೋಟಾರ್ ಜೊತೆಯಾಗಿ ಎರಡು ದಿಕ್ಕನ್ನೂ ನಡೆಸುತ್ತವೆ, ನೋಡಲು ಬಹಳ ಚೆಂದ. ಆದರೆ ಅದರ ಮುಂದೆ ನಿಂತ ಮಗುವಿಗೆ ಯಾವ ಮೋಟಾರ್ ಏನು ಮಾಡುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಐ3ಯಲ್ಲಿ ಒಂದು ಮೋಟಾರ್ ತಿರುಗಿದರೆ ಒಂದೇ ಕಡೆ ಚಲನೆ. ಬೆರಳಿಟ್ಟು ತೋರಿಸಬಹುದು. ನನಗೆ ಅದೇ ಬೇಕಿತ್ತು.

ಈ ಮಾದರಿಯ ಹಿಂದೆ ಒಂದು ಕಥೆಯೂ ಇದೆ. ಕಾರ್ಯಾಗಾರದ ಮೊದಲ 10 ನಿಮಿಷ ಅದಕ್ಕೇ ಮೀಸಲು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಏಡ್ರಿಯನ್ ಬೋಯರ್ 2005ರಲ್ಲಿ ರೆಪ್‌ರ್ಯಾಪ್ ಯೋಜನೆ ಶುರು ಮಾಡಿದರು. ತನಗೆ ಬೇಕಾದ ಭಾಗಗಳನ್ನು ತಾನೇ ಪ್ರಿಂಟ್ ಮಾಡಿಕೊಳ್ಳಬಲ್ಲ ಯಂತ್ರ, ಅದರ ನಕ್ಷೆ ಯಾರಿಗೆ ಬೇಕಾದರೂ ಬಿಟ್ಟಿ. 2008ರಲ್ಲಿ ಡಾರ್ವಿನ್ ಎಂಬ ಅವರ ಮೊದಲ ಮಾದರಿ ಇನ್ನೊಂದು ಡಾರ್ವಿನ್‌ಗೆ ಬೇಕಾದ ಪ್ಲಾಸ್ಟಿಕ್ ಭಾಗಗಳನ್ನು ಪ್ರಿಂಟ್ ಮಾಡಿಕೊಟ್ಟಿತು. 2009ರಲ್ಲಿ, ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ಹಾಕುವ ಈ ವಿಧಾನದ ಮೂಲ ಪೇಟೆಂಟ್ ಅವಧಿ ಮುಗಿಯಿತು. ಅಲ್ಲಿಂದ ಮುಂದೆ ಕೈಗೆಟುಕುವ ಯಂತ್ರಗಳು ಬೇಗ ಬೇಗ ಹುಟ್ಟಿದವು. ಜೋಸೆಫ್ ಪ್ರೂಸಾ ಅವರ ಐ3 ಬಂದದ್ದು 2012ರಲ್ಲಿ. ರೆಪ್‌ರ್ಯಾಪ್‌ನ ಮಾತಿನಂತೆಯೇ ನಮ್ಮ ಆರು ಕಿಟ್‌ಗಳ ಪ್ಲಾಸ್ಟಿಕ್ ಭಾಗಗಳನ್ನೂ ನನ್ನ ಯಂತ್ರದಲ್ಲೇ ಪ್ರಿಂಟ್ ಮಾಡುತ್ತಿದ್ದೇನೆ.

ಒಂದು ಕಿಟ್‌ಗೆ ಸುಮಾರು 20 ಗಂಟೆಯ ಪ್ರಿಂಟಿಂಗ್. ಪ್ಲಾಸ್ಟಿಕ್ ಪಿಇಟಿಜಿ ಅನ್ನುವ ಬಗೆಯದು. ಪಿಎಲ್‌ಎ ಅನ್ನುವ ಇನ್ನೊಂದು ಬಗೆ ಅಗ್ಗ, ಪ್ರಿಂಟ್ ಮಾಡುವುದೂ ಸುಲಭ. ಆದರೆ 60 ಡಿಗ್ರಿಯ ಹತ್ತಿರ ಅದು ಮೆತ್ತಗಾಗುತ್ತದೆ. ಮೋಟಾರ್ ಬಿಸಿಯಾಗಿ, ಅದನ್ನು ಹಿಡಿದಿರುವ ಭಾಗ ನಿಧಾನವಾಗಿ ಬಾಗಿದರೆ ಕುಟುಂಬಕ್ಕೆ ಕಾರಣವೇ ತಿಳಿಯುವುದಿಲ್ಲ. ತಮ್ಮ ಜೋಡಣೆಯೇ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಅಂಥ ಸಂಶಯ ಅವರ ಮನಸ್ಸಿಗೆ ಬರಬಾರದು.

ಅಕ್ಕನ ಮನೆಯ ಪ್ರಯೋಗ

ಅಕ್ಕ, ಭಾವ, 11 ವರ್ಷದ ಮಗ, 7 ವರ್ಷದ ಮಗಳು. ಕಾರ್ಯಾಗಾರಕ್ಕೆ ಬರುವ ಕುಟುಂಬಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಮೂರು ದಿನ ಅವರ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತೆ. ಯಾವ ಹಂತಕ್ಕೆ ಎಷ್ಟು ನಿಮಿಷ, ಎಲ್ಲಿ ಕೈ ನಿಂತಿತು, ಯಾರ ಕೈ ನಿಂತಿತು, ಎಲ್ಲ ಬರೆದುಕೊಂಡೆ. ಕೇಳಿದರೆ ಮಾತ್ರ ಉತ್ತರ ಕೊಡುವುದು ಅಂತ ಒಪ್ಪಂದ.

ಮೊದಲ ಪೆಟ್ಟು ಸ್ಕ್ರೂಗಳದ್ದು. ನಾನು ಅಳತೆ ಪ್ರಕಾರ ಚೀಲ ಕಟ್ಟಿದ್ದೆ. ಎಂ3×8 (3 ಮಿ.ಮೀ. ದಪ್ಪ, 8 ಮಿ.ಮೀ. ಉದ್ದ) ಒಂದರಲ್ಲಿ, ಎಂ3×10 ಇನ್ನೊಂದರಲ್ಲಿ, ಹೀಗೆ. ಅರ್ಧ ಗಂಟೆಯಲ್ಲಿ ಎಲ್ಲ ಚೀಲ ಬಿಚ್ಚಿ, ಸ್ಕ್ರೂಗಳೆಲ್ಲ ಒಂದೇ ತಟ್ಟೆಯಲ್ಲಿ ಸೇರಿದ್ದವು. 8ಕ್ಕೂ 10ಕ್ಕೂ ಇರುವ ವ್ಯತ್ಯಾಸ ಮಕ್ಕಳಿಗಿರಲಿ, ದೊಡ್ಡವರಿಗೂ ಥಟ್ಟನೆ ಕಾಣುವುದಿಲ್ಲ.

ಅದರ ಪರಿಣಾಮ ಮೋಟಾರ್ ಕೂರಿಸುವಾಗ ಗೊತ್ತಾಯಿತು. ನೀಮಾ 17 ಅನ್ನುವ ಅಳತೆಯ ಮೋಟಾರಿನ ಮುಖದಲ್ಲಿ ನಾಲ್ಕು ಸ್ಕ್ರೂ ತೂತುಗಳಿವೆ, ಆಳ ಸುಮಾರು 4.5 ಮಿ.ಮೀ. ಮಾತ್ರ. ನಮ್ಮ ಪ್ಲಾಸ್ಟಿಕ್ ಭಾಗದ ದಪ್ಪ 5 ಮಿ.ಮೀ. ಅಲ್ಲಿಗೆ ಬೇಕಾದದ್ದು 8 ಮಿ.ಮೀ. ಸ್ಕ್ರೂ. ಅಳಿಯ ಹಾಕಿದ್ದು 12ರದ್ದು. ಪೂರ್ತಿ ಬಲ ಹಾಕಿ ತಿರುಗಿಸಿದ. ಸ್ಕ್ರೂ ಗಟ್ಟಿಯಾಗಿ ನಿಂತಿತು. ಆದರೆ ಮೋಟಾರ್ ಮಾತ್ರ ಕೈಯಲ್ಲಿ ಅಲ್ಲಾಡುತ್ತಿತ್ತು. ಅವನು ಇನ್ನೂ ಬಿಗಿ ಮಾಡಲು ಹೊರಟ.

“ಮಾಮ, ಸ್ಕ್ರೂ ಟೈಟ್ ಇದೆ, ಮೋಟಾರ್ ಲೂಸ್ ಇದೆ. ಹೇಗೆ?”

ಸ್ಕ್ರೂವಿನ ತುದಿ ತೂತಿನ ತಳ ಮುಟ್ಟಿತ್ತು. ತಲೆ ಮಾತ್ರ ಪ್ಲಾಸ್ಟಿಕ್‌ಗೆ ತಾಗಿರಲಿಲ್ಲ, ನಡುವೆ ಎರಡೂವರೆ ಮಿ.ಮೀ. ಖಾಲಿ ಜಾಗ. ಇನ್ನೊಂದು ಸುತ್ತು ಬಲವಂತ ಮಾಡಿದ್ದರೆ ಮೋಟಾರಿನ ಎಳೆಗಳೇ ಕಿತ್ತುಹೋಗುತ್ತಿದ್ದವು.

ಈಗ ಚೀಲಗಳನ್ನು ಅಳತೆ ಪ್ರಕಾರ ಕಟ್ಟುತ್ತಿಲ್ಲ, ಹಂತದ ಪ್ರಕಾರ ಕಟ್ಟುತ್ತಿದ್ದೇನೆ. 14ನೇ ಹಂತಕ್ಕೆ 14ನೇ ಚೀಲ. ಹಂತ ಮುಗಿದಾಗ ಚೀಲ ಖಾಲಿಯಾಗಬೇಕು. ಉಳಿದರೆ ಏನೋ ತಪ್ಪಿದೆ ಅಂತ ಅರ್ಥ, ಮುಂದಿನ ಚೀಲ ಬಿಚ್ಚುವ ಹಾಗಿಲ್ಲ. ಜೊತೆಗೆ ಪ್ರತಿ ಮೇಜಿಗೆ ಒಂದು ಹಾಳೆ, ಅದರಲ್ಲಿ ಪ್ರತಿ ಸ್ಕ್ರೂವಿನ ನಿಜ ಗಾತ್ರದ ಚಿತ್ರ. ಸ್ಕ್ರೂವನ್ನು ಚಿತ್ರದ ಮೇಲಿಟ್ಟು ನೋಡಿದರೆ ಆಯಿತು. ಈ ಹಾಳೆ ತೆಗೆಯುವಾಗ ಒಂದು ಎಚ್ಚರ ಬೇಕು. ಕಾಗದದ ಪ್ರಿಂಟರ್ ಪುಟಕ್ಕೆ ಹೊಂದಿಸಲು ಚಿತ್ರವನ್ನು ಸುಮ್ನೆ ಸ್ವಲ್ಪ ಕುಗ್ಗಿಸಿಬಿಡುತ್ತದೆ. ಗಾತ್ರ ನೂರಕ್ಕೆ ನೂರು ಅಂತ ಇಟ್ಟು, ಹಾಳೆಯ ಅಂಚಿನಲ್ಲಿ 100 ಮಿ.ಮೀ. ಗೆರೆ ಎಳೆದು, ಸ್ಟೀಲ್ ಸ್ಕೇಲ್ ಇಟ್ಟು ಅಳೆದ ಮೇಲೆಯೇ ಉಳಿದ ಪ್ರತಿ ತೆಗೆದೆ.

ಯಾರ ಕೈಯಲ್ಲಿ ಅಲೆನ್ ಕೀ

ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯಲೇಬೇಕು, ಯಾಕೆಂದರೆ ಇಡೀ ಯೋಜನೆ ಬದಲಾದದ್ದು ಇದರಿಂದಲೇ.

ಮೊದಲ ದಿನ ಒಂದೂವರೆ ಗಂಟೆ ಕಳೆಯುವ ಹೊತ್ತಿಗೆ ಸ್ಕ್ರೂ ಬಿಗಿಯುವ ಅಲೆನ್ ಕೀ ಭಾವನ ಕೈ ಸೇರಿತ್ತು. ಅವರು ಕಿತ್ತುಕೊಳ್ಳಲಿಲ್ಲ. ಮಗ ಒದ್ದಾಡುತ್ತಿದ್ದ, “ಕೊಡು ಇಲ್ಲಿ, ಹೀಗೆ” ಅಂತ ತೋರಿಸಿಕೊಟ್ಟರು, ಹಾಗೇ ಮುಂದುವರಿದರು. ಇನ್ನೊಂದು ಹತ್ತು ನಿಮಿಷದಲ್ಲಿ ಹುಡುಗ ಕಿಟಕಿ ಹತ್ತಿರ ಫೋನ್ ಹಿಡಿದು ಕೂತಿದ್ದ. ಹುಡುಗಿ ಖಾಲಿ ಡಬ್ಬಗಳಲ್ಲಿ ಮನೆ ಕಟ್ಟುತ್ತಿದ್ದಳು. ಅಕ್ಕ ಸೂಚನೆ ಓದುತ್ತಿದ್ದಳು, ಭಾವ ಕೇಳಿಸಿಕೊಳ್ಳದೆ ಮುಂದಿನ ಹಂತಕ್ಕೆ ಹೋಗಿದ್ದರು. ಯಾರದೂ ತಪ್ಪಲ್ಲ. ಕೆಲಸ ಬೇಗ ಆಗಲಿ ಅನ್ನುವುದು ದೊಡ್ಡವರ ಕೈಗೆ ಅಭ್ಯಾಸವಾಗಿರುತ್ತದೆ ಅಲ್ವಾ.

ಎರಡನೇ ದಿನಕ್ಕೆ ಪ್ರತಿ ಹಂತಕ್ಕೂ ಒಂದು ಕಾರ್ಡ್ ಮಾಡಿದೆ. ಅದರಲ್ಲಿ ನಾಲ್ಕು ಪಾತ್ರ: ಓದುವವರು, ಸಾಮಾನು ಕೊಡುವವರು, ಬಿಗಿಯುವವರು, ಪರೀಕ್ಷೆ ಮಾಡುವವರು. ಪ್ರತಿ ಕಾರ್ಡ್‌ಗೂ ಪಾತ್ರ ಒಂದು ಸ್ಥಾನ ಮುಂದಕ್ಕೆ ಸರಿಯುತ್ತದೆ. ಮೂವರೇ ಇದ್ದರೆ ಓದುವವರೇ ಕೊಡುವವರು. ಪರೀಕ್ಷೆ ಮಾಡುವವರು ‘ಸರಿ’ ಅನ್ನದೆ ಮುಂದಿನ ಕಾರ್ಡ್ ಇಲ್ಲ. ಏಳು ವರ್ಷದ ಹುಡುಗಿ ಪರೀಕ್ಷೆ ಮಾಡುವ ಸರದಿಯಲ್ಲಿ ಅಪ್ಪ ಬಿಗಿದ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, “ಇದು ತಿರುಗ್ತಾ ಇದೆ ಅಪ್ಪ” ಅಂದಳು. ನಿಜವಾಗಿಯೂ ತಿರುಗುತ್ತಿತ್ತು. ಅವತ್ತು ಹುಡುಗನೂ ಫೋನ್ ಮುಟ್ಟಲಿಲ್ಲ.

ಕಾರ್ಯಾಗಾರದಲ್ಲಿ ನನ್ನ ಜೊತೆ ಮೂವರು ಸಹಾಯಕರಿರುತ್ತಾರೆ, ಎರಡು ಮೇಜಿಗೆ ಒಬ್ಬರು. ಅವರಿಗೂ ಹೇಳಿದ್ದೇನೆ: ಕೈ ಬೆನ್ನ ಹಿಂದೆ. ಬೆರಳು ತೋರಿಸಬಹುದು, ಬಾಯಲ್ಲಿ ಹೇಳಬಹುದು, ಉಪಕರಣ ಮುಟ್ಟಬಾರದು. ಬಿಸಿ ಅಥವಾ ಕರೆಂಟ್‌ಗೆ ಸಂಬಂಧಿಸಿದ್ದು ಬಂದರೆ ಮಾತ್ರ ಈ ನಿಯಮ ಇಲ್ಲ.

ಮೊದಲೇ ಮಾಡಿಡುವುದು, ಬಿಟ್ಟುಕೊಡುವುದು

16 ಗಂಟೆಯ ಪುಸ್ತಕ ತೆರೆದು ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ಜಾಸ್ತಿ ಹೊತ್ತು ಹೋದದ್ದು ಕಷ್ಟದ ಕೆಲಸಕ್ಕಲ್ಲ, ಬೇಸರದ ಕೆಲಸಕ್ಕೆ.

ವೈರ್ ತುದಿಗೆ ಟರ್ಮಿನಲ್ ಅನ್ನುವ ಲೋಹದ ತುಂಡನ್ನು ಒತ್ತಿ ಕೂರಿಸುವುದಕ್ಕೇ (ಕ್ರಿಂಪ್) ಎರಡೂವರೆ ಗಂಟೆ. ಭಾವ ಇಪ್ಪತ್ತಕ್ಕೂ ಹೆಚ್ಚು ಟರ್ಮಿನಲ್ ಹಾಕಿದರು, ಐದಾರು ಹಾಳಾದವು. ಕೊನೆಗೆ ಅವರಿಗೆ ಪ್ರಿಂಟರ್ ಬಗ್ಗೆ ತಿಳಿದದ್ದೇನೂ ಇಲ್ಲ. ಪ್ಲಾಸ್ಟಿಕ್ ಭಾಗಗಳ ತೂತು ಪ್ರಿಂಟ್ ಆಗುವಾಗ ಸ್ವಲ್ಪ ಕಿರಿದಾಗುತ್ತದೆ. ಅದನ್ನು 3 ಮಿ.ಮೀ. ಡ್ರಿಲ್ ಬಿಟ್ ಕೈಯಲ್ಲಿ ತಿರುಗಿಸಿ ಬಿಡಿಸಲು ಒಂದು ಗಂಟೆ. ಇವೆರಡನ್ನೂ ನಾವೇ ಮೊದಲೇ ಮಾಡಿಡುತ್ತೇವೆ. ವೈರ್‌ಗಳ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿರುತ್ತೇವೆ. ಬೆಡ್‌ಗೆ ಹೋಗುವ ದಪ್ಪ ವೈರ್‌ಗಳ ತುದಿಗೆ ಫೆರೂಲ್ (ಲೋಹದ ಪುಟ್ಟ ಕೊಳವೆ) ಒತ್ತಿರುತ್ತೇವೆ. ಬೆಸುಗೆ ಸವರಿ ಸ್ಕ್ರೂ ಟರ್ಮಿನಲ್‌ಗೆ ಹಾಕುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. ಬೆಸುಗೆ ಒತ್ತಡದಲ್ಲಿ ನಿಧಾನವಾಗಿ ಚಪ್ಪಟೆಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ಅಲ್ಲಿ ಬಿಸಿ ಹುಟ್ಟುತ್ತದೆ. ಸುಟ್ಟು ಕರಿಯಾದ ಟರ್ಮಿನಲ್‌ಗಳನ್ನು ನಾನೇ ಬಿಚ್ಚಿದ್ದೇನೆ.

ಮನೆಯ ಕರೆಂಟ್ ಬರುವ ಭಾಗವನ್ನು ಯಾವ ಕುಟುಂಬವೂ ಮುಟ್ಟುವುದಿಲ್ಲ. ಪವರ್ ಸಪ್ಲೈ, ಸ್ವಿಚ್, ಫ್ಯೂಸ್, ಚೌಕಟ್ಟಿಗೆ ಅರ್ಥಿಂಗ್, ಎಲ್ಲವನ್ನೂ ಜೋಡಿಸಿ, ಪರೀಕ್ಷಿಸಿ, ಮುಚ್ಚಳ ಹಾಕಿ ಕೊಡುತ್ತೇವೆ. ಅವರ ಕೈಗೆ ಬರುವುದು 24 ವೋಲ್ಟ್ ಡಿಸಿ ಮಾತ್ರ. ಅದು ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಶಾರ್ಟ್ ಆದರೆ ಕಿಡಿ ಹಾರುತ್ತದೆ, ವೈರ್ ಕರಗುತ್ತದೆ. ಹಾಗಾಗಿ ಯಂತ್ರವನ್ನು ನಡೆಸುವ ಸರ್ಕ್ಯೂಟ್ ಬೋರ್ಡ್‌ಗೆ ಸಿಕ್ಕಿಸುವ ಮುಂಚೆ ಪ್ಲಸ್ ಮೈನಸ್ ಸರಿಯಿದೆಯೇ ಅಂತ ಮಲ್ಟಿಮೀಟರ್‌ನಲ್ಲಿ ನೋಡುವ ಒಂದು ಕಾರ್ಡ್ ಇದೆ.

ಪ್ಲಾಸ್ಟಿಕ್ ಕರಗಿಸುವ ಭಾಗ, ಅಂದರೆ ಹಾಟ್‌ಎಂಡ್ ಕೂಡ ನಮ್ಮದೇ. ನಾಜಲನ್ನು ಬಿಸಿಯಾಗಿರುವಾಗಲೇ ಕೊನೆಯ ಬಾರಿ ಬಿಗಿಯಬೇಕು. ತಣ್ಣಗೆ ಬಿಗಿದರೆ ಬಿಸಿಯಾದಾಗ ಸಂದಿ ಬಿಟ್ಟು ಕರಗಿದ ಪ್ಲಾಸ್ಟಿಕ್ ಮೇಲಿನಿಂದ ಸೋರುತ್ತದೆ. 200 ಡಿಗ್ರಿಗಿಂತ ಬಿಸಿಯಾದ ಲೋಹಕ್ಕೆ ಸ್ಪ್ಯಾನರ್ ಹಾಕುವ ಕೆಲಸವನ್ನು ಮಕ್ಕಳಿರುವ ಆರು ಮೇಜಿನಲ್ಲಿ ಒಟ್ಟಿಗೆ ಮಾಡಿಸಲು ನನಗೆ ಧೈರ್ಯವಿಲ್ಲ. ಬೋರ್ಡ್ ವಿಷಯದಲ್ಲೂ ಹಾಗೇ. ಮೋಟಾರ್ ಡ್ರೈವರ್‌ಗಳು (ಮೋಟಾರ್ ನಡೆಸುವ ಚಿಪ್‌ಗಳು) ಬಿಡಿಯಾಗಿ ಬರುವ ಬೋರ್ಡ್‌ನಲ್ಲಿ ಒಂದನ್ನು ತಿರುಗಾಮುರುಗಾ ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು. ಡ್ರೈವರ್ ಬೋರ್ಡ್‌ನಲ್ಲೇ ಕೂತಿರುವಂಥದ್ದನ್ನು ಆರಿಸಿದೆ. ಕರೆಂಟ್ ಇರುವಾಗ ಮೋಟಾರ್ ವೈರ್ ಕೀಳಬಾರದು ಅನ್ನುವ ನಿಯಮ ಇದರಲ್ಲೂ ಇದೆ. ಅದನ್ನು ಕೆಂಪು ಅಕ್ಷರದಲ್ಲಿ ಬರೆದಿದ್ದೇನೆ.

ಹಾಗಾದರೆ ಅವರಿಗೆ ಉಳಿದದ್ದೇನು? ಎಲ್ಲಿ ಕೈಗೆ ಬುದ್ಧಿ ಬರುತ್ತದೋ ಅದಷ್ಟೂ ಉಳಿದಿದೆ. ಎಷ್ಟೇ ತಡವಾದರೂ ಇವನ್ನು ಕಡಿಮೆ ಮಾಡುವುದಿಲ್ಲ.

ಚೌಕಟ್ಟು

ಕೆಳಗಿನ ಚೌಕಟ್ಟು 2020 (20×20 ಮಿ.ಮೀ.) ಅಲ್ಯೂಮಿನಿಯಂ ಪಟ್ಟಿಯದು. ಹೊರ ಅಳತೆ 400×300 ಮಿ.ಮೀ. ಈ ಅಳತೆಯನ್ನು ಬೇಕೆಂದೇ ಆರಿಸಿದೆ. ಮೂಲೆಗಳು ನೇರವಾಗಿದ್ದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 500 ಬರಬೇಕು. ಶಾಲೆಯಲ್ಲಿ ಕಲಿತ ಮೂರು, ನಾಲ್ಕು, ಐದರ ತ್ರಿಕೋನ ಮೇಜಿನ ಮೇಲೇ ಮಲಗಿರುತ್ತದೆ.

ಅಕ್ಕನ ಮನೆಯಲ್ಲಿ ಮೊದಲ ಬಾರಿ ಅಳೆದಾಗ ಒಂದು ಕಡೆ 503, ಇನ್ನೊಂದು ಕಡೆ 497 ಬಂತು. ಕಣ್ಣಿಗೆ ಏನೇನೂ ಕಾಣುತ್ತಿರಲಿಲ್ಲ. ಭಾವ “ಮೂರು ಮಿಲಿಮೀಟರ್ ಅಲ್ವಾ, ಬಿಡು” ಅಂದರು. ಆ ಮೂರು ಮಿಲಿಮೀಟರನ್ನು ಹಾಗೇ ಬಿಟ್ಟರೆ ಬೆಡ್ ಓಡುವ ದಿಕ್ಕಿಗೂ ನಾಜಲ್ ಓಡುವ ದಿಕ್ಕಿಗೂ ನಡುವೆ ಮೂಲೆಮಟ್ಟ ತಪ್ಪುತ್ತದೆ. 100 ಮಿ.ಮೀ. ಉದ್ದದ ಪೆಟ್ಟಿಗೆ ಪ್ರಿಂಟ್ ಮಾಡಿದರೆ ಒಂದೂಕಾಲು ಮಿ.ಮೀ. ಓರೆಯಾಗಿ ಬರುತ್ತದೆ, ಮುಚ್ಚಳ ಕೂರುವುದಿಲ್ಲ. ಇದನ್ನು ಬಾಯಲ್ಲಿ ಹೇಳುವ ಬದಲು, ಹೀಗೆ ಓರೆಯಾಗಿ ಬಂದ ಒಂದು ಪೆಟ್ಟಿಗೆ ಮತ್ತು ಮುಚ್ಚಳವನ್ನು ಕೈಗೆ ಕೊಟ್ಟೆ. ಭಾವ ಎರಡು ಸಲ ಒತ್ತಿ ನೋಡಿದರು. ಆಮೇಲೆ ಮಾತಿಲ್ಲದೆ ಸ್ಕ್ರೂ ಸಡಿಲ ಮಾಡಿದರು.

ಸಮತಟ್ಟಾದ ಕಲ್ಲಿನ ಮೇಲಿಟ್ಟು, ಉದ್ದ ಬಂದ ಮೂಲೆಗಳನ್ನು ಒಳಕ್ಕೆ ಒತ್ತಿ, ಮತ್ತೆ ಅಳೆದು, ಮತ್ತೆ ಒತ್ತಿ, ನಾಲ್ಕನೇ ಬಾರಿಗೆ ಎರಡೂ 500ಕ್ಕೆ ಬಂದವು. ಏಳು ವರ್ಷದವಳಿಗೆ ಟೇಪ್ ಓದುವುದು ಕಷ್ಟ. ಅವಳಿಗೆ ಒಂದು ದಾರ ಕೊಟ್ಟೆ. ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದು ಅಲ್ಲಿಗೆ ಗಂಟು ಹಾಕಿದಳು. ಆಮೇಲೆ ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದಳು. ಗಂಟು ಎಲ್ಲಿ ಬಂತು ಅಂತ ನೋಡಿದರೆ ಸಾಕು, ಅಂಕಿಯೇ ಬೇಡ. ಈಗ ಪ್ರತಿ ಕಿಟ್‌ನಲ್ಲೂ ಒಂದು ದಾರ ಇದೆ.

ಈ ಹಂತಕ್ಕೆ 50 ನಿಮಿಷ ಇಟ್ಟಿದ್ದೇನೆ. ನಾನೊಬ್ಬನೇ ಮಾಡಿದರೆ ಹದಿನೈದೇ ನಿಮಿಷ. ಇರಲಿ.

ಓಡುವ ಭಾಗಗಳು

8 ಮಿ.ಮೀ. ನಯ ಸರಳುಗಳು, ಅವುಗಳ ಮೇಲೆ ಓಡುವ ಎಲ್‌ಎಂ8ಯುಯು ಬೇರಿಂಗ್. ಬೇರಿಂಗನ್ನು ಸರಳಿಗೆ ಓರೆಯಾಗಿ ತುರುಕಿದರೆ ಒಳಗಿನ ಪುಟ್ಟ ಗುಂಡುಗಳು ಹೊರಬರುತ್ತವೆ. ಹಾಗಾಗಿ ನೇರವಾಗಿ, ನಿಧಾನವಾಗಿ. ಬೇರಿಂಗ್ ಹಿಡಿಯುವ ಸ್ಕ್ರೂಗಳನ್ನು ಮೊದಲು ಅರ್ಧ ಮಾತ್ರ ಬಿಗಿಯುವುದು. ಬೆಡ್ಡಿನ ತಟ್ಟೆಯನ್ನು ಆ ತುದಿಯಿಂದ ಈ ತುದಿಗೆ ಹತ್ತು ಸಲ ಓಡಿಸಿ, ಅದು ತನ್ನ ಜಾಗ ತಾನು ಹುಡುಕಿಕೊಂಡ ಮೇಲೆ ಪೂರ್ತಿ ಬಿಗಿಯುವುದು. ಅಕ್ಕನ ಮನೆಯಲ್ಲಿ ಇದನ್ನು ಮೊದಲೇ ಹೇಳಿರಲಿಲ್ಲ. ತಟ್ಟೆ ಅರ್ಧಕ್ಕೆ ಸಿಕ್ಕಿಕೊಂಡು 40 ನಿಮಿಷ ಹೋಯಿತು.

ಪರೀಕ್ಷೆ ಸುಲಭ. ಚೌಕಟ್ಟನ್ನು ಒಂದು ಕಡೆ ಎತ್ತಿದರೆ ತಟ್ಟೆ ತನ್ನ ಭಾರಕ್ಕೇ ಜಾರಬೇಕು.

ಬೆಲ್ಟ್ ಹಾಕಿದ ಮೇಲೆ ಬರುವ ಕಾರ್ಡ್ ನನಗೆ ಎಲ್ಲಕ್ಕಿಂತ ಇಷ್ಟ. ಪುಲ್ಲಿಯ ಮೇಲೆ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಡಬೇಕು. ಪುಲ್ಲಿಯನ್ನು ಕೈಯಲ್ಲಿ ಸರಿಯಾಗಿ ಒಂದು ಸುತ್ತು ತಿರುಗಿಸಿ, ತಟ್ಟೆ ಎಷ್ಟು ದೂರ ಹೋಯಿತು ಅಂತ ಅಳೆಯಬೇಕು. 40 ಮಿ.ಮೀ. ಬರುತ್ತದೆ. ಯಾಕೆ? ಪುಲ್ಲಿಗೆ 20 ಹಲ್ಲು, ಜಿಟಿ2 ಬೆಲ್ಟಿನ ಹಲ್ಲಿನಿಂದ ಹಲ್ಲಿಗೆ 2 ಮಿ.ಮೀ. ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುತ್ತದೆ. ಅಲ್ಲಿಗೆ 3,200. ಅದನ್ನು 40ರಿಂದ ಭಾಗಿಸಿದರೆ 80. ಅಂದರೆ ತಟ್ಟೆ ಒಂದು ಮಿ.ಮೀ. ಓಡಲು ಯಂತ್ರ 80 ಪುಟ್ಟ ಹೆಜ್ಜೆ ಎಣಿಸುತ್ತದೆ. ಅಳಿಯ ಇದನ್ನು ಕಾಗದದಲ್ಲಿ ಬರೆದು ಲೆಕ್ಕ ಹಾಕಿದ. ಎರಡು ದಿನ ಬಿಟ್ಟು ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಸೆಟ್ಟಿಂಗ್ ಪರದೆಯಲ್ಲಿ ಅದೇ 80 ಕಂಡಾಗ ಕುರ್ಚಿಯಿಂದ ಎದ್ದು ನಿಂತ. “ಇದು ನಾನು ಹೇಳಿದ್ದ ನಂಬರ್!” ಎತ್ತುವ ಸ್ಕ್ರೂವಿನ ಲೆಕ್ಕವನ್ನೂ ತಾನೇ ಹಾಕಿದ. ಒಂದು ಸುತ್ತಿಗೆ 8 ಮಿ.ಮೀ., ಹಾಗಾಗಿ 400.

ಪುಲ್ಲಿಯನ್ನು ಹಿಡಿಯುವ, ತಲೆಯಿಲ್ಲದ ಗ್ರಬ್ ಸ್ಕ್ರೂ ಮೋಟಾರ್ ಶಾಫ್ಟಿನ ಚಪ್ಪಟೆ ಬದಿಯ ಮೇಲೆಯೇ ಕೂರಬೇಕು. ಇಲ್ಲದಿದ್ದರೆ ಪ್ರಿಂಟ್ ಅರ್ಧದಲ್ಲಿ ಒಂದು ಪದರ ಪಕ್ಕಕ್ಕೆ ಜಾರುತ್ತದೆ. ಶಾಫ್ಟಿಗೂ ಪುಲ್ಲಿಗೂ ಸೇರಿಸಿ ಒಂದೇ ಗೆರೆ ಎಳೆಸುತ್ತೇವೆ. ಮುಂದೊಂದು ದಿನ ಗೆರೆ ಮುರಿದು ಕಂಡರೆ ಎಲ್ಲಿ ಸಡಿಲವಾಗಿದೆ ಅಂತ ಅವರಿಗೇ ತಿಳಿಯುತ್ತದೆ.

ವೈರಿಂಗ್ ದಿನದ ಎರಡು ಚಿಕ್ಕ ಪ್ರಯೋಗಗಳು

ವೈರ್ ಸಿಕ್ಕಿಸುವುದು ಚೀಟಿ ನೋಡಿ ಮಾಡುವ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದರೆ ಸಿಕ್ಕಿಸುವ ಮುಂಚೆ ಎರಡು ಪ್ರಯೋಗ ಇಟ್ಟಿದ್ದೇನೆ.

ಒಂದು, ಮೋಟಾರಿನದು. ನಾಲ್ಕು ವೈರ್, ಒಳಗೆ ಎರಡು ಸುರುಳಿ. ಯಾವುದಕ್ಕೆ ಯಾವುದು ಜೋಡಿ? ಎರಡು ವೈರ್‌ಗಳ ತುದಿ ಒಂದಕ್ಕೊಂದು ತಾಗಿಸಿ, ಶಾಫ್ಟನ್ನು ಬೆರಳಲ್ಲಿ ತಿರುಗಿಸಬೇಕು. ಜೋಡಿ ಅಲ್ಲದಿದ್ದರೆ ಶಾಫ್ಟ್ ಹಗುರವಾಗಿ ತಿರುಗುತ್ತದೆ. ಜೋಡಿಯಾಗಿದ್ದರೆ ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ ಗಟ್ಟಿಯಾಗುತ್ತದೆ. ನಾವು ತಿರುಗಿಸಿದ್ದರಿಂದ ಹುಟ್ಟಿದ ಕರೆಂಟೇ ನಮ್ಮನ್ನು ತಡೆಯುತ್ತದೆ. ಅಕ್ಕ ಇದನ್ನು ಮೂರು ನಾಲ್ಕು ಸಲ ಮಾಡಿ ನೋಡಿದಳು. ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ, ಆದರೂ ಬೆರಳಿಗೆ ಗೊತ್ತಾಗುತ್ತದೆ.

ಇನ್ನೊಂದು, ಥರ್ಮಿಸ್ಟರ್. ನಾಜಲ್ ಎಷ್ಟು ಬಿಸಿಯಾಗಿದೆ ಅಂತ ಯಂತ್ರಕ್ಕೆ ಹೇಳುವುದು ಇದೇ ಸಾಸಿವೆಯಷ್ಟು ಮಣಿ. 25 ಡಿಗ್ರಿಯಲ್ಲಿ ಇದರ ರೋಧ 1 ಲಕ್ಷ ಓಮ್. ಮಲ್ಟಿಮೀಟರ್ ಹಚ್ಚಿ, ಮಣಿಯನ್ನು ಎರಡು ಬೆರಳ ನಡುವೆ ಹಿಡಿದರೆ ಅಂಕಿ ಇಳಿಯುತ್ತಾ 70 ಸಾವಿರದ ಸುತ್ತ ಬಂದು ನಿಲ್ಲುತ್ತದೆ. ಬಿಟ್ಟರೆ ಮತ್ತೆ ಏರುತ್ತದೆ. ಹುಡುಗಿ ಉಸಿರು ಊದಿಯೂ ನೋಡಿದಳು.

ಈ ಮಣಿ ಜಾಗ ತಪ್ಪಿದರೆ ಏನಾಗುತ್ತದೆ ಅನ್ನುವುದು ಪ್ರಯೋಗದ ಮೂರನೇ ದಿನ ತಾನಾಗಿಯೇ ತಿಳಿಯಿತು. ಮಣಿ ಲೋಹದ ಗುಳಿಯಿಂದ ಅರ್ಧ ಹೊರಬಂದಿತ್ತು. ಹೀಟರ್ ಕಾಯುತ್ತಿದೆ, ಪರದೆಯ ಅಂಕಿ ಮಾತ್ರ ಏರುತ್ತಿಲ್ಲ. ಯಂತ್ರಕ್ಕೆ ಇನ್ನೂ ತಣ್ಣಗಿದೆ ಅನ್ನಿಸಿ ಇನ್ನಷ್ಟು ಕಾಯಿಸಿದರೆ ಬೆಂಕಿಯೇ ಗತಿ. ಮಾರ್ಲಿನ್ ಅನ್ನುವ ಫರ್ಮ್‌ವೇರ್‌ನಲ್ಲಿ ಇದಕ್ಕೊಂದು ಕಾವಲು ಇದೆ. ಕಾಯಿಸುತ್ತಿದ್ದರೂ ಅಂಕಿ ಏರದಿದ್ದರೆ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಅವತ್ತೂ ನಿಲ್ಲಿಸಿತು, ಬೀಪ್ ಹೊಡೆಯಿತು. ಆದರೆ ಕೆಲವು ಬೋರ್ಡ್‌ಗಳು ಈ ಕಾವಲನ್ನು ತೆಗೆದುಹಾಕಿದ ಫರ್ಮ್‌ವೇರ್ ಜೊತೆ ಬರುತ್ತವೆ. ಹಾಗಾಗಿ ಆರೂ ಯಂತ್ರಗಳಲ್ಲಿ ಪರೀಕ್ಷೆ ಕಡ್ಡಾಯ. ಪವರ್ ಆಫ್ ಮಾಡಿ ಹೀಟರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ, 200 ಡಿಗ್ರಿ ಕೇಳುವುದು. ಯಂತ್ರ ತಾನಾಗಿ ನಿಂತರೆ ಮಾತ್ರ ವೈರ್ ಮತ್ತೆ ಹಾಕಿ ಮುಂದಿನ ಕಾರ್ಡ್.

ಎರಡನೇ ಪ್ರಯೋಗ

ಬದಲಾವಣೆಗಳನ್ನೆಲ್ಲ ಮಾಡಿದ ಮೇಲೆ ಗೆಳೆಯ, ಅವನ ಮಗಳು, ಅವನ ಅಮ್ಮ ಕೂತರು. ಮೂರು ತಲೆಮಾರು. ಅಮ್ಮ ಕಾರ್ಡ್ ಕೈಗೆ ತೆಗೆದುಕೊಂಡ ತಕ್ಷಣ ಅಕ್ಷರ ಚಿಕ್ಕದಾಯಿತು ಅಂದರು. ಎಲ್ಲ ಕಾರ್ಡ್ ದೊಡ್ಡಕ್ಷರದಲ್ಲಿ ಮತ್ತೆ ತೆಗೆದೆ.

ಬೆಲ್ಟ್ ಎಷ್ಟು ಬಿಗಿ ಇರಬೇಕು ಅಂತ ನಾನು ವಿವರಿಸಲು ಹೊರಟಿದ್ದೆ. ಅವರು ನಡುವೆ ಒಂದು ಬೆರಳಿಟ್ಟು ಒತ್ತಿದರು. “ಹೊಲಿಗೆ ಮಷೀನಿನ ಬೆಲ್ಟ್ ಹಾಗೆ ತಾನೆ? ಒತ್ತಿದರೆ ಸ್ವಲ್ಪ ಬಗ್ಗಬೇಕು, ಬಿಟ್ಟರೆ ಪುಟಿಯಬೇಕು. ಜೋತಾಡಬಾರದು, ಕಟ್ಟಿ ಹಾಕಿದ ಹಾಗೂ ಇರಬಾರದು.” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕಾರ್ಡ್‌ನಲ್ಲಿ ಆ ಮಾತನ್ನೇ ಬರೆದೆ.

ಅವರಿಗೆ ಹಿಡಿದದ್ದು 11 ಗಂಟೆ 10 ನಿಮಿಷ. ಆರು ಮೇಜು ಒಟ್ಟಿಗೆ ಇರುವಾಗ ಇನ್ನೂ ತಡವಾಗಬಹುದು. ಹಾಗಾಗಿ ಎರಡು ಭಾನುವಾರಗಳ ನಡುವೆ ಒಂದು ವಾರ ಇರುವಂತೆ ನೋಡಿಕೊಂಡೆ, ಬೆನ್ನುಬೆನ್ನಿಗೆ ಎರಡು ದಿನ ಬೇಡ. ಮೊದಲ ಭಾನುವಾರ ಚೌಕಟ್ಟು ಮತ್ತು ಓಡುವ ಭಾಗಗಳು. ಯಂತ್ರಗಳು ಅಲ್ಲೇ ಉಳಿಯುತ್ತವೆ. ಯಾರದು ಹಿಂದೆ ಬಿದ್ದಿದೆಯೋ ಅವರು ವಾರದ ನಡುವೆ ಒಂದು ಸಂಜೆ ಬಂದು ಮುಗಿಸಬಹುದು.

ಮೊದಲ ಪದರ

ಕೊನೆಯ ಒಂದೂವರೆ ಗಂಟೆ ಇದಕ್ಕೆ. ಬೆಡ್ 60 ಡಿಗ್ರಿ, ನಾಜಲ್ 205, ಪಿಎಲ್‌ಎ ಫಿಲಮೆಂಟ್ (ಪ್ಲಾಸ್ಟಿಕ್ ಎಳೆ). ಎಬಿಎಸ್ ಪ್ಲಾಸ್ಟಿಕ್ ಬೇಡ, ಅದರ ಹೊಗೆ ಮುಚ್ಚಿದ ಕೋಣೆಯಲ್ಲಿ ಮಕ್ಕಳಿಗೆ ಒಳ್ಳೆಯದಲ್ಲ. ಪಿಎಲ್‌ಎ ಆದರೂ ಕಿಟಕಿ ತೆರೆದಿರಬೇಕು.

ಎತ್ತರ ಹೊಂದಿಸುವುದು ಬಿಸಿಯಾದ ಮೇಲೆ. ಬಿಸಿಗೆ ಲೋಹ ಹಿಗ್ಗುತ್ತದೆ, ತಣ್ಣಗಿದ್ದಾಗ ಹೊಂದಿಸಿದ್ದು ಉಪಯೋಗಕ್ಕೆ ಬರುವುದಿಲ್ಲ. ನಾಜಲ್ ಮತ್ತು ಬೆಡ್ ನಡುವೆ ಒಂದು ಮಾಮೂಲಿ ಕಾಗದ, ದಪ್ಪ ಸುಮಾರು 0.1 ಮಿ.ಮೀ. ಎಳೆದರೆ ಬರಬೇಕು, ಆದರೆ ನಾಜಲ್ ಸ್ವಲ್ಪ ಕೆರೆದ ಹಾಗೆ ಅನ್ನಿಸಬೇಕು. ಕಾಗದದ ಉದ್ದನೆ ಪಟ್ಟಿ ಕೊಡುತ್ತೇವೆ, ಬೆರಳು ನಾಜಲ್‌ನಿಂದ ದೂರ ಇರಲಿ ಅಂತ. ಕಾಗದ ಎಳೆಯುವುದು ಮನೆಯ ಅತಿ ಚಿಕ್ಕವರು, ಬೆಡ್ಡಿನ ಮೂಲೆಯ ತಿರುಪು ತಿರುಗಿಸುವುದು ದೊಡ್ಡವರು. “ಇನ್ನೂ ಲೂಸ್”, “ಈಗ ಹಿಡೀತು” ಅಂತ ಚಿಕ್ಕವರು ಹೇಳುವುದೇ ಅಳತೆ.

ಒಂದು ಮೂಲೆ ಹೊಂದಿಸಿದರೆ ಎದುರು ಮೂಲೆ ಬದಲಾಗುತ್ತದೆ, ಹಾಗಾಗಿ ಮೂರು ಸುತ್ತು. ಆಮೇಲೆ ಬೆಡ್ ತುಂಬುವ ಹಾಗೆ ಒಂದೇ ಪದರದ ಚೌಕ ಪ್ರಿಂಟ್. ಪಕ್ಕಪಕ್ಕದ ಗೆರೆಗಳು ಬಿಡಿಬಿಡಿ ದಾರದ ಹಾಗಿದ್ದರೆ ನಾಜಲ್ ಮೇಲಿದೆ. ಗೆರೆಯೇ ಕಾಣದೆ, ಪ್ಲಾಸ್ಟಿಕ್ ತೆಳುವಾಗಿ, ಅಂಚು ಉಬ್ಬಿ ಬಂದರೆ ತೀರಾ ಕೆಳಗಿದೆ. ಒಂದಕ್ಕೊಂದು ಅಂಟಿ, ಕೈಯಲ್ಲಿ ಎತ್ತಿದರೆ ಬಟ್ಟೆಯ ಹಾಗೆ ಒಂದೇ ಹಾಳೆಯಾಗಿ ಬಂದರೆ ಸರಿ. ಮೂರನ್ನೂ ಮಾಡಿ, ಗೋಡೆಗೆ ಅಂಟಿಸಿಡುತ್ತೇವೆ, ಮುಟ್ಟಿ ಹೋಲಿಸಲಿ.

ಆರೂ ಯಂತ್ರ ಒಮ್ಮೆಗೇ ಬೆಡ್ ಕಾಯಿಸಲು ಶುರು ಮಾಡಿದರೆ ತೊಂದರೆ. ಒಂದೊಂದರ ಪವರ್ ಸಪ್ಲೈ 350 ವ್ಯಾಟ್, ಒಟ್ಟು 2,100. ಮೂರು ಮೇಜು ಒಂದು ಲೈನ್, ಇನ್ನು ಮೂರು ಬೇರೆ ಲೈನ್. ಎರಡೆರಡು ಮೇಜಿನವರು ಐದು ನಿಮಿಷ ಅಂತರದಲ್ಲಿ ಆನ್ ಮಾಡುತ್ತಾರೆ.

ಹೆಚ್ಚುವರಿ ಸಾಮಾನಿನ ಡಬ್ಬದಲ್ಲಿ ನಾಲ್ಕು ಥರ್ಮಿಸ್ಟರ್, ಜೋಡಿಸಿಟ್ಟ ಎರಡು ಹಾಟ್‌ಎಂಡ್, ಒಂದು ಬೋರ್ಡ್, ಒಂದು ಮೋಟಾರ್, ನಾಲ್ಕು ಬೇರಿಂಗ್, 3 ಮೀಟರ್ ಬೆಲ್ಟ್ ಇವೆ. ಚೌಕಟ್ಟಿನ ಪಟ್ಟಿಯೊಳಗೆ ಕೂರುವ ಟಿ-ನಟ್ ಮಾತ್ರ ಒಂದು ಹಿಡಿ ಜಾಸ್ತಿ. ಅವು ಉರುಳಿ ಎಲ್ಲೋ ಹೋಗಿಬಿಡುತ್ತವೆ.

ಇವತ್ತಿಗೆ

ಐದು ಕಿಟ್ ಪೂರ್ತಿ ಸಿದ್ಧವಾಗಿವೆ. ಆರನೆಯದಕ್ಕೆ ಒಂಬತ್ತು ಪ್ಲಾಸ್ಟಿಕ್ ಭಾಗ ಬಾಕಿ ಇದ್ದವು. ನನ್ನ ಯಂತ್ರದಲ್ಲಿ ಪ್ಲಾಸ್ಟಿಕ್ ಎಳೆಯನ್ನು ತಳ್ಳುವ ಎಕ್ಸ್‌ಟ್ರೂಡರ್ ಗೇರ್ ಸವೆದು ಎರಡು ದಿನದಿಂದ ನಿಂತಿದೆ. ಅಕ್ಕನಿಗೆ ಫೋನ್ ಮಾಡಿ, ನಿಮ್ಮ ಪ್ರಿಂಟರ್‌ನಲ್ಲಿ ಮಾಡಿಕೊಡಲು ಆಗುತ್ತಾ ಅಂತ ಕೇಳಿದೆ. ಅಳಿಯ ಫೋನ್ ಕಿತ್ತುಕೊಂಡು ಫೈಲ್ ಕಳಿಸಲು ಹೇಳಿದ.

ನಿನ್ನೆ ರಾತ್ರಿ ಒಂದು ಫೋಟೊ ಬಂತು. ಮೋಟಾರ್ ಹಿಡಿಯುವ ಭಾಗದ ಒಂದು ಮೂಲೆ ಬೆಡ್‌ನಿಂದ ಮೇಲೆದ್ದಿತ್ತು. ಏನು ಮಾಡಬೇಕು ಅಂತ ನಾನು ಟೈಪ್ ಮಾಡುತ್ತಿರುವಾಗಲೇ ಇನ್ನೊಂದು ಸಂದೇಶ: “ಮಾಮ, ಬೆಡ್ ಒರೆಸಿ, ಆ ಮೂಲೆ ಕಾಗದದಲ್ಲಿ ಮತ್ತೆ ಚೆಕ್ ಮಾಡಿದ್ವಿ. ಪುಟ್ಟಿ ಲೂಸ್ ಅಂದ್ಳು. ಸರಿ ಮಾಡಿ ಮತ್ತೆ ಹಾಕಿದ್ದೀವಿ.” ಇವತ್ತು ಬೆಳಗ್ಗೆಗೆ ಏಳು ಭಾಗ ಆಗಿವೆ. ಇನ್ನೆರಡು ಸಂಜೆಯೊಳಗೆ ಮುಗಿಯುತ್ತವೆ.